ಹಳೆ ಸಾಲಗಾರರು ಎಷ್ಟು ಬಡ್ಡಿ ಕಟ್ಟುತ್ತಿದ್ದಾರೆ ಅಂತ ಕೇಳಿ

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ. 6ರಿಂದ 5.50ಕ್ಕೆ ಇಳಿಸಿತು. ನಾವು ಮೈಸೂರಿನ ದಟ್ಟಗಳ್ಳಿಯಲ್ಲಿ ಒಂದು ಹಳೆ ಮನೆ ನೋಡಿ, ಮುಂಗಡ ಕೊಟ್ಟು, ಕ್ರಯದ ಕರಾರು ಮಾಡಿಕೊಂಡಿದ್ದೂ ಅದೇ ಸಮಯದಲ್ಲಿ. ಮನೆಯ ಬೆಲೆ 65 ಲಕ್ಷ. 50 ಲಕ್ಷ ಸಾಲ ಬೇಕಿತ್ತು. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹ ಸಾಲಕ್ಕೆ ಮನೆಯ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಅಂದರೆ ನಮಗೆ 52 ಲಕ್ಷದವರೆಗೆ ಸಿಗಬಹುದಿತ್ತು. ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ ಈ ಲೆಕ್ಕದಲ್ಲಿ ಬರಲ್ಲ, ಅದನ್ನು ಕೈಯಿಂದಲೇ ಹಾಕಬೇಕು. ಹೊಸದಾಗಿ ಮನೆ ಕೊಳ್ಳುವವರು ಇದನ್ನು ಮೊದಲೇ ಗಮನದಲ್ಲಿ ಇಟ್ಟುಕೊಳ್ಳಿ.

ದರ ಇಳಿದ ಸುದ್ದಿ ಬಂದಿದ್ದೇ ತಡ, ಎಲ್ಲ ಕಡೆಯಿಂದ ಫೋನ್ ಶುರುವಾಯಿತು. "ಮೇಡಂ, 7.40ಕ್ಕೆ ಕೊಡ್ತೀವಿ", "ಮೇಡಂ, ಪ್ರೊಸೆಸಿಂಗ್ ಫೀ ಇಲ್ಲ". ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು, ಯಜಮಾನರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿದ್ದಾರೆ. ಇಬ್ಬರದ್ದೂ ತಿಂಗಳ ಸಂಬಳ, ಇಬ್ಬರ ಸಿಬಿಲ್ ಸ್ಕೋರೂ (ಹಿಂದಿನ ಸಾಲ ತೀರಿಸಿದ ದಾಖಲೆಗೆ ಕೊಡುವ ಅಂಕ) ಚೆನ್ನಾಗಿತ್ತು. ಸಾಲ ಸಿಗುತ್ತದೋ ಇಲ್ಲವೋ ಅನ್ನುವ ಭಯ ಇರಲಿಲ್ಲ. ಯಾರ ಹತ್ತಿರ ತೆಗೆದುಕೊಳ್ಳುವುದು ಅನ್ನುವುದೇ ಪ್ರಶ್ನೆ.

ಫೋನ್ ಮಾಡಿದವರೆಲ್ಲ ಹೇಳುತ್ತಿದ್ದದ್ದು ಇವತ್ತಿನ ದರ. ನಾವು ಸಾಲ ತೀರಿಸಬೇಕಾದದ್ದು 20 ವರ್ಷ. ಫ್ಲೋಟಿಂಗ್ ದರದಲ್ಲಿ ಇವತ್ತಿನ ದರ ಮೊದಲ ಕೆಲವು ತಿಂಗಳಿಗೆ ಮಾತ್ರ. ಆಮೇಲೆ ಅದು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಹೇಗೆ ಹೋಗುತ್ತದೆ, ಯಾರು ಹೇಳಿದಂತೆ ಹೋಗುತ್ತದೆ, ಇಳಿಯಬೇಕಾದಾಗ ನಿಜವಾಗಲೂ ಇಳಿಯುತ್ತದಾ? ನನಗೆ ಬೇಕಿದ್ದ ಉತ್ತರ ಇದು. ಇದನ್ನು ಯಾವ ಏಜೆಂಟೂ ತಾನಾಗಿ ಹೇಳಲ್ಲ.

ನನಗೆ ಈ ಪ್ರಶ್ನೆ ಹುಟ್ಟಿದ್ದು ನಮ್ಮ ಭಾವನ ಸಾಲದಿಂದ. ಅಕ್ಕ ಭಾವ ದಾವಣಗೆರೆಯಲ್ಲಿ 2016ರಲ್ಲಿ ಮನೆ ಕಟ್ಟಿಸಿದರು. ಸಾಲ ಕೊಟ್ಟಿದ್ದು ಒಂದು ಹೌಸಿಂಗ್ ಫೈನಾನ್ಸ್ ಕಂಪನಿ. ಆಗ ರೆಪೊ 6.50ರ ಆಸುಪಾಸಿನಲ್ಲಿತ್ತು, ಭಾವನಿಗೆ ಹಾಕಿದ್ದು ಒಂಬತ್ತೂವರೆ. 2020ರ ಮೇ ತಿಂಗಳಲ್ಲಿ ರೆಪೊ ಶೇ. 4ಕ್ಕೆ ಬಂತು. ಅಂದರೆ ಎರಡೂವರೆ ಇಳಿದಿತ್ತು. ಭಾವನ ಬಡ್ಡಿ ಮಾತ್ರ ಒಂಬತ್ತರ ಮೇಲೆಯೇ ನಿಂತಿತ್ತು. ಅದೇ ಕಂಪನಿ ಅದೇ ಊರಿನಲ್ಲಿ ಹೊಸಬರಿಗೆ ಏಳರ ಹತ್ತಿರ ಕೊಡುತ್ತಿತ್ತು. ಭಾವ ಹೋಗಿ ಕೇಳಿದಾಗ, "ಕನ್ವರ್ಷನ್ ಫೀ ಕಟ್ಟಿ ಸರ್, ಕಡಿಮೆ ಮಾಡ್ತೀವಿ" ಅಂದರು. ಕಟ್ಟಿದರು, ಕಡಿಮೆಯಾಯಿತು. ಆದರೆ ಕೇಳದೇ ಇದ್ದಿದ್ದರೆ? ಅಕ್ಕ ಆಗ ಫೋನಿನಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಏರುವಾಗ ಕಾಗದವೂ ಬರಲ್ಲ ಕಣೇ, ತಾನೇ ಏರುತ್ತೆ. ಇಳಿಸೋಕೆ ಮಾತ್ರ ನಾವು ಅರ್ಜಿ ಹಾಕಬೇಕು."

ಯಾಕೆ ಹೀಗೆ ಅಂತ ತಿಳಿದುಕೊಳ್ಳಲು ಸ್ವಲ್ಪ ಹಳೆಯದನ್ನು ಓದಬೇಕಾಯಿತು. ಬ್ಯಾಂಕುಗಳು ಸಾಲದ ಬಡ್ಡಿಗೆ ಬುಡವಾಗಿ ಇಟ್ಟುಕೊಳ್ಳುವ ದರಕ್ಕೆ ಮೊದಲು ಬಿಪಿಎಲ್‌ಆರ್ ಅಂತ ಹೆಸರಿತ್ತು. 2010ರ ಜುಲೈ 1ರಿಂದ ಬೇಸ್ ರೇಟ್ ಬಂತು. 2016ರ ಏಪ್ರಿಲ್ 1ರಿಂದ ಎಂಸಿಎಲ್‌ಆರ್. ಮೂರರಲ್ಲೂ ದರದ ಬುಡ ಬ್ಯಾಂಕಿನ ಕೈಯಲ್ಲೇ ಇತ್ತು. ತನ್ನ ಖರ್ಚು, ತನ್ನ ಠೇವಣಿಯ ಬಡ್ಡಿ ನೋಡಿಕೊಂಡು ಬ್ಯಾಂಕೇ ಲೆಕ್ಕ ಹಾಕಿ ಹೇಳುತ್ತಿತ್ತು. ರಿಸರ್ವ್ ಬ್ಯಾಂಕ್ ದರ ಇಳಿಸಿದರೂ ಅದು ಗ್ರಾಹಕನವರೆಗೆ ತಲುಪುವುದು ನಿಧಾನ, ತಲುಪಿದರೂ ಅರ್ಧಂಬರ್ಧ. ಇದು ರಿಸರ್ವ್ ಬ್ಯಾಂಕಿಗೂ ಗೊತ್ತಿತ್ತು. ಅದಕ್ಕೇ 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹ ಸಾಲಗಳನ್ನು ಹೊರಗಿನ ಒಂದು ದರಕ್ಕೆ ಕಟ್ಟಲೇಬೇಕು ಅಂತ ನಿಯಮ ಮಾಡಿತು. ಆ ಹೊರಗಿನ ದರ ರೆಪೊ ಆಗಿರಬಹುದು, ಸರ್ಕಾರ ಮೂರು ತಿಂಗಳಿಗೆ ಅಥವಾ ಆರು ತಿಂಗಳಿಗೆ ಸಾಲ ಎತ್ತುವ ಟ್ರೆಜರಿ ಬಿಲ್ಲಿನ ಇಳುವರಿ ಆಗಿರಬಹುದು. ಹೆಚ್ಚಿನ ಬ್ಯಾಂಕುಗಳು ರೆಪೊವನ್ನೇ ಹಿಡಿದಿವೆ. ಮೂರು ತಿಂಗಳಿಗೆ ಒಮ್ಮೆಯಾದರೂ ದರವನ್ನು ಮರುಹೊಂದಿಸಬೇಕು.

ಹೀಗಾಗಿ ಈಗ ಬ್ಯಾಂಕಿನ ಗೃಹ ಸಾಲದ ದರದಲ್ಲಿ ಎರಡು ಭಾಗ. ಒಂದು ರೆಪೊ, ಅದು ಬ್ಯಾಂಕಿನ ಕೈಯಲ್ಲಿಲ್ಲ. ಇನ್ನೊಂದು ಅದರ ಮೇಲೆ ಬ್ಯಾಂಕ್ ಸೇರಿಸುವ ಸ್ಪ್ರೆಡ್. ರೆಪೊ ಎಲ್ಲರಿಗೂ ಒಂದೇ. ಹಾಗಾದರೆ ನಾವು ನಿಜವಾಗಿ ಆರಿಸುತ್ತಿರುವುದು ಸ್ಪ್ರೆಡ್ಡನ್ನು ಮಾತ್ರ. ಇದು ಹೊಳೆದ ಮೇಲೆ ನನ್ನ ಕೆಲಸ ಹಗುರವಾಯಿತು. 7.40, 7.50 ಅಂತ ಯಾರಾದರೂ ಹೇಳಿದರೆ ಅದರಿಂದ 5.50 ಕಳೆದು ಬಿಡುತ್ತಿದ್ದೆ. ಉಳಿದದ್ದೇ ಅವರು ನನಗೆ ಹೇಳುತ್ತಿರುವ ಬೆಲೆ.

ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ 2019ರ ನಿಯಮ ಅನ್ವಯ ಆಗಲ್ಲ. ಅವು ತಮ್ಮದೇ ಪಿಎಲ್‌ಆರ್ (ತಾವೇ ನಿಗದಿ ಮಾಡುವ ಮೂಲ ದರ) ಇಟ್ಟುಕೊಂಡು, ಅದರಿಂದ ಇಷ್ಟು ಡಿಸ್ಕೌಂಟ್ ಅಂತ ಕಳೆದು ದರ ಹೇಳುತ್ತವೆ. ಪಿಎಲ್‌ಆರ್ ಯಾವಾಗ ಇಳಿಸಬೇಕು ಅನ್ನುವುದು ಅವರದೇ ತೀರ್ಮಾನ. ಭಾವನ ಕಥೆ ಆಗ ಪೂರ್ತಿ ಅರ್ಥವಾಯಿತು. ಎಲ್ಲ ಕಂಪನಿಗಳೂ ಹಾಗೇ ಮಾಡುತ್ತವೆ ಅಂತಲ್ಲ. ಸಂಬಳದ ಚೀಟಿ ಇಲ್ಲದವರಿಗೆ, ಸಣ್ಣ ಅಂಗಡಿ ಇಟ್ಟವರಿಗೆ ಬ್ಯಾಂಕುಗಳು ಬಾಗಿಲು ತೆಗೆಯದಿದ್ದಾಗ ಇವೇ ಕಂಪನಿಗಳು ಮನೆ ಕಟ್ಟಿಸಿಕೊಟ್ಟಿವೆ. ನಮ್ಮ ಬಳಿ ಬ್ಯಾಂಕಿಗೆ ಬೇಕಾದ ಕಾಗದ ಎಲ್ಲ ಇತ್ತು, ಅಷ್ಟೇ ವ್ಯತ್ಯಾಸ.

ಸ್ಪ್ರೆಡ್ ಎಷ್ಟು ಮುಖ್ಯ ಅನ್ನುವುದನ್ನು ತೋರಿಸಿಕೊಟ್ಟವರು ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು. ಅವರು 2020ರ ಕೊನೆಯಲ್ಲಿ ಶೇ. 6.90ಕ್ಕೆ ಸಾಲ ತೆಗೆದಿದ್ದರು. ಆಗ ನಾವೆಲ್ಲ ಅವರ ಅದೃಷ್ಟ ಹೊಗಳಿದ್ದೆವು. ಸ್ಟಾಫ್ ರೂಮಿನಲ್ಲಿ ನಾನು ವಿಷಯ ಎತ್ತಿದಾಗ ಅವರು ಮಾರನೇ ದಿನ ತಮ್ಮ ಸ್ಯಾಂಕ್ಷನ್ ಲೆಟರ್ ತಂದು ತೋರಿಸಿದರು. ರೆಪೊ 4.00, ಸ್ಪ್ರೆಡ್ 2.90. 2022ರ ಮೇ 4ರಿಂದ ರೆಪೊ ಏರುತ್ತಾ ಹೋಯಿತು. 2023ರ ಫೆಬ್ರವರಿ ಹೊತ್ತಿಗೆ 6.50. ಅವರ ಬಡ್ಡಿ 9.40 ಆಯಿತು. ಆದರೆ ಅದೇ 2023ರಲ್ಲಿ ಹೊಸದಾಗಿ ಸಾಲ ತೆಗೆದ ನಮ್ಮದೇ ಕಾಲೇಜಿನ ಇನ್ನೊಬ್ಬರಿಗೆ ಸಿಕ್ಕಿದ್ದು 8.50, ಸ್ಪ್ರೆಡ್ 2.00. ರೆಪೊ ಒಂದೇ, ಸ್ಪ್ರೆಡ್ ಬೇರೆ.

"ನೋಡಿ ಮೇಡಂ, ರೆಪೊ ಕೆಳಗಿದ್ದಾಗ ದಪ್ಪ ಸ್ಪ್ರೆಡ್ಡೂ ಕಾಣಲ್ಲ" ಅಂದರು ಮೇಷ್ಟ್ರು. 50 ಲಕ್ಷಕ್ಕೆ 20 ವರ್ಷದ ಲೆಕ್ಕ ಹಾಕಿದರೆ 8.50ಕ್ಕೆ ಕಂತು 43,391 ರೂಪಾಯಿ. 9.40ಕ್ಕೆ ಸುಮಾರು 46,280. ತಿಂಗಳಿಗೆ ಹತ್ತಿರ ಹತ್ತಿರ 2,900 ರೂಪಾಯಿ ಜಾಸ್ತಿ. ಮೇಷ್ಟ್ರು ಆಮೇಲೆ ಬ್ಯಾಂಕಿಗೆ ಕಾಗದ ಬರೆದು, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುತ್ತೇನೆ ಅಂತ ಹೇಳಿ, ಶುಲ್ಕ ಕಟ್ಟಿ ಸ್ಪ್ರೆಡ್ ಇಳಿಸಿಕೊಂಡರು.

ಅವತ್ತಿನಿಂದ ನಾನು ಒಂದು ಕೆಲಸ ಶುರು ಮಾಡಿದೆ. ಗೃಹ ಸಾಲ ಇರುವ ಪರಿಚಯದವರನ್ನೆಲ್ಲ ಕೇಳಿದೆ. ಯಾವ ವರ್ಷ ತೆಗೆದಿರಿ, ಆಗ ಎಷ್ಟಿತ್ತು, ಈಗ ಎಷ್ಟು ಕಟ್ಟುತ್ತಿದ್ದೀರಿ, ದರ ಇಳಿದಾಗ ತಾನಾಗಿ ಇಳಿಯಿತಾ. ಕಾಲೇಜಿನವರು, ಯಜಮಾನರ ಕಂಪನಿಯವರು, ನಮ್ಮ ಬಾಡಿಗೆ ಮನೆಯ ಕೆಳಗಿನವರು. ನಮ್ಮಲ್ಲಿ ಸಂಬಳ, ಸಾಲ ಕೇಳುವುದು ಸಂಕೋಚದ ವಿಷಯ. ಆದರೆ ಬಡ್ಡಿ ಎಷ್ಟು ಅಂತ ಕೇಳಿದರೆ ಜನ ಹೇಳುತ್ತಾರೆ, ಮನಸ್ಸು ಬಿಚ್ಚಿಯೇ ಹೇಳುತ್ತಾರೆ. ಎಷ್ಟೋ ಜನಕ್ಕೆ ತಮ್ಮ ಈಗಿನ ದರವೇ ಗೊತ್ತಿರಲಿಲ್ಲ. ಬ್ಯಾಂಕಿನ ಆ್ಯಪ್ ತೆಗೆದು ನೋಡಿ ಹೇಳಿದರು. ಒಬ್ಬರು ಇನ್ನೂ ಎಂಸಿಎಲ್‌ಆರ್‌ನಲ್ಲೇ ಇದ್ದರು. ಅವರನ್ನು ರೆಪೊಗೆ ಬದಲಾಯಿಸಿಕೊಳ್ಳಲು ನಾನೇ ಒತ್ತಾಯ ಮಾಡಿ ಬ್ಯಾಂಕಿಗೆ ಕಳಿಸಿದೆ.

ಹೊಸ ಗ್ರಾಹಕನಿಗೆ ಬ್ಯಾಂಕ್ ಹೇಳುವ ದರ ಜಾಹೀರಾತು. ಐದಾರು ವರ್ಷದ ಹಿಂದೆ ಸಾಲ ತೆಗೆದವನು ಇವತ್ತು ಕಟ್ಟುತ್ತಿರುವ ದರವೇ ಆ ಬ್ಯಾಂಕಿನ ನಿಜವಾದ ದರ. ಯಾಕೆಂದರೆ ಐದಾರು ವರ್ಷದ ನಂತರ ನಾನೂ ಅವನ ಜಾಗದಲ್ಲೇ ಇರುತ್ತೇನೆ, ಅಲ್ವಾ?

ಕೊನೆಗೆ ಮೂರು ಕಡೆಯ ದರ ಕೈಯಲ್ಲಿ ಉಳಿಯಿತು. ಹೌಸಿಂಗ್ ಫೈನಾನ್ಸ್ ಕಂಪನಿಯೊಂದು 7.40. ಒಂದು ಖಾಸಗಿ ಬ್ಯಾಂಕ್ 7.65, ಅಂದರೆ ಸ್ಪ್ರೆಡ್ 2.15. ಒಂದು ಸರ್ಕಾರಿ ಬ್ಯಾಂಕ್ 7.50, ಸ್ಪ್ರೆಡ್ 2.00. ಸರ್ಕಾರಿ ಬ್ಯಾಂಕಿನದ್ದರಲ್ಲಿ ಮಹಿಳೆ ಮೊದಲ ಅರ್ಜಿದಾರಳಾದರೆ ಕೊಡುವ ರಿಯಾಯಿತಿಯೂ ಸೇರಿತ್ತು. ಹಲವು ಬ್ಯಾಂಕುಗಳಲ್ಲಿ ಶೇ. 0.05ರಷ್ಟು ಈ ರಿಯಾಯಿತಿ ಇದೆ, ಕೇಳಿ ಪಡೆಯಬೇಕು. ಹಾಗಾಗಿ ನನ್ನ ಹೆಸರನ್ನೇ ಮೊದಲು ಹಾಕಿದೆವು.

7.40ಕ್ಕೂ 7.50ಕ್ಕೂ 50 ಲಕ್ಷದ ಸಾಲದಲ್ಲಿ ಕಂತಿನ ವ್ಯತ್ಯಾಸ ತಿಂಗಳಿಗೆ 300 ರೂಪಾಯಿ ಚಿಲ್ಲರೆ. ಆದರೆ ಕಂಪನಿ ಮುಂದೆ ಒಂದು ಸಲ ಅರ್ಧ ಪರ್ಸೆಂಟ್ ಇಳಿಕೆಯನ್ನು ನಮಗೆ ಕೊಡದೆ ಇಟ್ಟುಕೊಂಡರೆ ಸಾಕು, ತಿಂಗಳಿಗೆ 1,500 ರೂಪಾಯಿ ಕೈಬಿಟ್ಟು ಹೋಗುತ್ತದೆ. ಯಜಮಾನರಿಗೆ 7.40ರ ಕಡೆ ಒಲವಿತ್ತು. ನಾನು ಭಾವನಿಗೇ ಫೋನ್ ಹಚ್ಚಿ ಕೊಟ್ಟೆ. ಅವರಿಬ್ಬರೂ ಅರ್ಧ ಗಂಟೆ ಮಾತಾಡಿದ ಮೇಲೆ ಆ ಆಯ್ಕೆ ಬಿಟ್ಟೆವು.

ಸ್ಥಿರ ದರ ಯಾಕೆ ಬೇಡ ಅಂತ ಕೆಲವರು ಕೇಳಿದರು. ನಮ್ಮಲ್ಲಿ 20 ವರ್ಷವೂ ಬದಲಾಗದ ದರ ಸಿಗುವುದೇ ಅಪರೂಪ. ಮೊದಲ ಎರಡು, ಮೂರು ವರ್ಷ ಸ್ಥಿರ, ಆಮೇಲೆ ಫ್ಲೋಟಿಂಗ್ ಅನ್ನುವಂಥವೇ ಜಾಸ್ತಿ. ದರವೂ ಮೇಲೆ. ಜೊತೆಗೆ, ಫ್ಲೋಟಿಂಗ್ ಗೃಹ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವ ಹಾಗಿಲ್ಲ ಅಂತ 2012ರಿಂದಲೇ ನಿಯಮ ಇದೆ. ಈ ಸ್ವಾತಂತ್ರ್ಯ ನಮಗೆ ಬೇಕಿತ್ತು. ಡಿಎ ಬಾಕಿ ಬಂದಾಗ, ಯಜಮಾನರಿಗೆ ಬೋನಸ್ ಬಂದಾಗ ಸ್ವಲ್ಪ ಅಸಲು ಕಟ್ಟುವ ಆಸೆ.

ಓವರ್‌ಡ್ರಾಫ್ಟ್ ಮಾದರಿಯ ಗೃಹ ಸಾಲವನ್ನೂ ನೋಡಿದೆವು. ಅದರಲ್ಲಿ ಕೈಯಲ್ಲಿರುವ ಹಣವನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟಕ್ಕೆ ಬಡ್ಡಿ ಬೀಳಲ್ಲ, ಬೇಕಾದಾಗ ತೆಗೆಯಬಹುದು. ವ್ಯಾಪಾರದವರಿಗೆ ಒಳ್ಳೆಯದು. ನಮಗೆ ಹೇಳಿದ ದರ ಸ್ವಲ್ಪ ಹೆಚ್ಚಿತ್ತು, ಇಡಲು ನಮ್ಮಲ್ಲಿ ಅಷ್ಟು ಹಣವೂ ಉಳಿದಿರಲಿಲ್ಲ. ಬಿಟ್ಟೆವು. ಆದಾಯ ತೆರಿಗೆ ಉಳಿತಾಯವನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ, ನಾವಿಬ್ಬರೂ ಅದರಲ್ಲೇ ಇದ್ದೇವೆ.

ಒಂದು ಭಾನುವಾರ ಇಬ್ಬರೂ ಕೂತು ಕೆಟ್ಟ ಕಾಲದ ಲೆಕ್ಕ ಹಾಕಿದೆವು. ಇದನ್ನು ಪ್ರತಿಯೊಬ್ಬರೂ ಮಾಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ರೆಪೊ 2008ರ ಜುಲೈ ಕೊನೆಯಲ್ಲಿ ಶೇ. 9ಕ್ಕೆ ಏರಿತ್ತು. 2009ರ ಏಪ್ರಿಲ್ ಹೊತ್ತಿಗೆ 4.75. 2011ರ ಅಕ್ಟೋಬರ್‌ನಲ್ಲಿ ಮತ್ತೆ 8.50. 2020ರಲ್ಲಿ 4. 2023ರಲ್ಲಿ 6.50. ಇಪ್ಪತ್ತು ವರ್ಷದ ಸಾಲದಲ್ಲಿ ಇಂಥ ಏರಿಳಿತ ಬರುವುದೇ. 2011ರ 8.50 ಮತ್ತೆ ಬಂದರೆ, 2.00 ಸ್ಪ್ರೆಡ್ ಸೇರಿ ನಮ್ಮ ದರ 10.50. ಮೊದಲ ವರ್ಷಗಳಲ್ಲೇ ಹಾಗಾದರೆ 7.50ಕ್ಕೆ ಬರುವ 40,280 ರೂಪಾಯಿಯ ಕಂತು 49,900ರ ಹತ್ತಿರ ಹೋಗುತ್ತದೆ. ತಿಂಗಳಿಗೆ ಒಂಬತ್ತೂವರೆ ಸಾವಿರಕ್ಕಿಂತ ಹೆಚ್ಚು. ಮಗಳ ಫೀಸು, ಅತ್ತೆಯವರ ಔಷಧಿ, ದಿನಸಿ ಎಲ್ಲ ಬರೆದು ನೋಡಿದೆವು. ಕಷ್ಟ, ಆದರೆ ಆಗುತ್ತದೆ. ಆಗಲ್ಲ ಅಂತ ಬಂದಿದ್ದರೆ ಸಾಲವನ್ನೇ 42 ಲಕ್ಷಕ್ಕೆ ಇಳಿಸಿ, ಒಡವೆ ಮಾರಿಯಾದರೂ ಉಳಿದದ್ದು ಹೊಂದಿಸಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದೆವು.

ಕಂತು ಏರಿಸದೆ ಅವಧಿ ಬೆಳೆಸಿದರಾಯಿತು ಅನ್ನುವವರಿದ್ದಾರೆ. ಅದರಲ್ಲಿ ಒಂದು ಅಪಾಯ ಇದೆ. 50 ಲಕ್ಷಕ್ಕೆ 20 ವರ್ಷ, ಶೇ. 7 ಅಂತಿಟ್ಟುಕೊಳ್ಳಿ. ಕಂತು 38,765. ಸಾಲದ ಶುರುವಿನಲ್ಲೇ ದರ ಎರಡೂವರೆ ಏರಿ 9.50 ಆದರೆ 50 ಲಕ್ಷಕ್ಕೆ ತಿಂಗಳ ಬಡ್ಡಿಯೇ 39,583. ಕಂತಿಗಿಂತ ಬಡ್ಡಿ ಜಾಸ್ತಿ! ಕಂತು ಕಟ್ಟಿದರೂ ಸಾಲ ಬೆಳೆಯುತ್ತದೆ. 2022-23ರಲ್ಲಿ ರೆಪೊ ಒಂದೇ ವರ್ಷದೊಳಗೆ ಅಷ್ಟು ಏರಿದಾಗ ಎಷ್ಟೋ ಜನರ ಸಾಲದ ಅವಧಿ ಅವರಿಗೆ ತಿಳಿಯದೇ ನಿವೃತ್ತಿಯ ಆಚೆಗೆ ಹೋಯಿತು. ಅದಕ್ಕೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಒಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಬೆಳೆಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಅಂತ ಆರಿಸುವ ಹಕ್ಕು ಸಾಲಗಾರನದ್ದು. ಅವಧಿ ಬೆಳೆಸಿದಾಗ ಕಂತು ಬಡ್ಡಿಗೂ ಸಾಕಾಗದಂತೆ ಆಗಬಾರದು. ಏನು ಬದಲಾಯಿತು ಅಂತ ಬ್ಯಾಂಕ್ ಕೂಡಲೇ ತಿಳಿಸಬೇಕು. ನಿಯಮ ಒಳ್ಳೆಯದಿದೆ. ಆದರೆ ಆರಿಸುವ ಹಕ್ಕು ಇದೆ ಅಂತ ಗೊತ್ತಿದ್ದವರು ಮಾತ್ರ ಅದನ್ನು ಬಳಸಬಹುದು.

ಖಾಸಗಿ ಬ್ಯಾಂಕಿನವರು ಚುರುಕು. ಮನೆಗೇ ಬಂದು ಕಾಗದ ತೆಗೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ನನಗೆ ಬೇಸರವಾಗಿದ್ದು ಒಂದೇ ವಿಷಯಕ್ಕೆ. ಸಾಲದ ಮೊತ್ತಕ್ಕೆ ವಿಮೆಯ ಪ್ರೀಮಿಯಂ ಸೇರಿಸಿ ಅರ್ಜಿ ತಯಾರು ಮಾಡಿದ್ದರು. ಒಂದೇ ಕಂತಿನ ದೊಡ್ಡ ಪ್ರೀಮಿಯಂ, ಅದಕ್ಕೂ 20 ವರ್ಷ ಬಡ್ಡಿ. "ಇದು ಕಡ್ಡಾಯವಾ?" ಅಂತ ಕೇಳಿದೆ. "ಎಲ್ಲರೂ ತಗೋತಾರೆ ಮೇಡಂ" ಅಂದರು. "ಕಡ್ಡಾಯ ಅಂತ ಬರೆದು ಕೊಡಿ" ಅಂದೆ. ಬರೆದು ಕೊಡಲಿಲ್ಲ, ಪ್ರೀಮಿಯಂ ತೆಗೆದರು. ಸಾಲ ಇರುವ ಮನೆಗೆ ವಿಮೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವಿಬ್ಬರೂ ಬೇರೆಯಾಗಿ ಟರ್ಮ್ ವಿಮೆ ಮಾಡಿಸಿದ್ದೇವೆ, ಅದು ಎಷ್ಟೋ ಅಗ್ಗ. ಬ್ಯಾಂಕ್ ಬದಲಾಯಿಸಿದರೂ ಅದು ನಮ್ಮ ಜೊತೆಗೇ ಇರುತ್ತದೆ.

ಸರ್ಕಾರಿ ಬ್ಯಾಂಕಿನ ಮ್ಯಾನೇಜರ್ ಹಾಸನದ ಕಡೆಯವರು, ತಾಳ್ಮೆಯ ಮನುಷ್ಯ. ನಾನು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ.

"ಸರ್, ಈ 2.00 ಸ್ಪ್ರೆಡ್ಡು ಇಪ್ಪತ್ತು ವರ್ಷವೂ ಇಷ್ಟೇ ಇರುತ್ತಾ?"

"ಅದರಲ್ಲಿ ಎರಡು ಪಾಲು ಇದೆ ಮೇಡಂ. ಒಂದು ನಿಮ್ಮ ರಿಸ್ಕಿನದು. ನೀವು ಕಂತು ತಪ್ಪಿಸಿ ಸ್ಕೋರು ತೀರಾ ಬದಲಾದ್ರೆ ಮಾತ್ರ ಅದನ್ನ ಮುಟ್ಟಬಹುದು. ಇನ್ನೊಂದು ಬ್ಯಾಂಕಿನ ಖರ್ಚಿಂದು. ಅದನ್ನ ಮೂರು ವರ್ಷಕ್ಕೆ ಒಂದು ಸಲ ಬದಲಾಯಿಸಬಹುದು."

"2019, 2020ರಲ್ಲಿ ಸಾಲ ತಗೊಂಡವರಿಗೆ ನಿಮ್ಮಲ್ಲಿ ಈಗ ಎಷ್ಟಿದೆ?"

ಅವರು ಸ್ವಲ್ಪ ಯೋಚಿಸಿ, ಹೆಸರು ಹೇಳದೆ ಒಂದೆರಡು ಖಾತೆಗಳ ದರ ನೋಡಿ ಹೇಳಿದರು. ಹೊಸಬರಿಗಿಂತ ಸ್ವಲ್ಪ ಹೆಚ್ಚಿತ್ತು, ತೀರಾ ಜಾಸ್ತಿ ಇರಲಿಲ್ಲ. ನಾನು ಹೊರಗಡೆ ಕೇಳಿ ಬರೆದುಕೊಂಡಿದ್ದಕ್ಕೂ ಅದು ಹೊಂದಿತು. ಆ ಒಂದು ಉತ್ತರಕ್ಕೇ ನಾನು ಅರ್ಧ ಒಪ್ಪಿಬಿಟ್ಟಿದ್ದೆ. ರೆಪೊ ಬದಲಾದರೆ ಯಾವ ದಿನದಿಂದ ನನ್ನ ಖಾತೆಗೆ ಬರುತ್ತದೆ ಅಂತಲೂ ಕೇಳಿದೆ. ಮುಂದಿನ ತಿಂಗಳ ಒಂದನೇ ತಾರೀಖು ಅಂದರು. ಕೆಲವು ಕಡೆ ಇದು ಮೂರು ತಿಂಗಳಿಗೊಮ್ಮೆ. ಏರುವಾಗ ತಡವಾದರೆ ನಮಗೆ ಲಾಭ, ಇಳಿಯುವಾಗ ತಡವಾದರೆ ನಷ್ಟ. ಲೆಕ್ಕ ಹಾಕಿದರೆ ಇದು ದೊಡ್ಡ ವಿಷಯ ಅಲ್ಲ, ಗೊತ್ತಿರಬೇಕು ಅಷ್ಟೇ.

ಆಮೇಲೆ ಕೈಗೆ ಬಂದದ್ದು ಕೆಎಫ್‌ಎಸ್, ಸಾಲದ ಮುಖ್ಯ ವಿವರಗಳ ಪಟ್ಟಿ. 2024ರ ಅಕ್ಟೋಬರ್ 1ರಿಂದ ಎಲ್ಲ ಹೊಸ ರಿಟೇಲ್ ಸಾಲಗಳಿಗೂ ಇದನ್ನು ಕೊಡಲೇಬೇಕು. ಇದು ಎಷ್ಟು ಒಳ್ಳೆಯ ವ್ಯವಸ್ಥೆ ಅಂತ ಜನಕ್ಕೆ ಇನ್ನೂ ಗೊತ್ತಾಗಿಲ್ಲ ಅನಿಸುತ್ತದೆ. ಫ್ಲೋಟಿಂಗ್ ಸಾಲವಾದರೆ ಅದರಲ್ಲಿ ಒಂದು ಚಿಕ್ಕ ಕೋಷ್ಟಕ ಇರುತ್ತದೆ. ಯಾವ ಮಾನದಂಡದ ದರಕ್ಕೆ ಕಟ್ಟಿದೆ, ಅದು ಇವತ್ತು ಎಷ್ಟು, ಸ್ಪ್ರೆಡ್ ಎಷ್ಟು, ಎರಡೂ ಸೇರಿ ಎಷ್ಟು, ಎಷ್ಟು ತಿಂಗಳಿಗೊಮ್ಮೆ ಬದಲಾವಣೆ. ಜೊತೆಗೆ ದರ ಕಾಲು ಪರ್ಸೆಂಟ್ ಬದಲಾದರೆ ಕಂತು ಎಷ್ಟು ಬದಲಾಗುತ್ತದೆ, ಇಲ್ಲವೇ ಎಷ್ಟು ಕಂತು ಹೆಚ್ಚುಕಡಿಮೆ ಆಗುತ್ತವೆ. ನಮ್ಮ ಸಾಲದಲ್ಲಿ ಕಾಲು ಪರ್ಸೆಂಟಿಗೆ ಕಂತಿನ ಬದಲಾವಣೆ ಸುಮಾರು 760 ರೂಪಾಯಿ. ಪ್ರೊಸೆಸಿಂಗ್ ಫೀ, ವಕೀಲರ ಶುಲ್ಕ, ಮನೆ ಬೆಲೆ ಕಟ್ಟುವವರ ಶುಲ್ಕ ಎಲ್ಲ ಸೇರಿಸಿದ ವಾರ್ಷಿಕ ದರವೂ ಅಲ್ಲೇ ಇರುತ್ತದೆ. ಇದರಲ್ಲಿ ಬರೆಯದ ಶುಲ್ಕವನ್ನು ನಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವ ಹಾಗಿಲ್ಲ.

ಇನ್ನೊಂದು ಮುಖ್ಯ ವಿಷಯ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇದನ್ನು ಕೊಡಬೇಕು ಅಂತ ನಿಯಮದಲ್ಲೇ ಇದೆ. ನಾನು ಕನ್ನಡದಲ್ಲಿ ಬೇಕು ಅಂದೆ. ನನಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ಅತ್ತೆಯವರು ತಮ್ಮ ಪಿಂಚಣಿಯ ಉಳಿತಾಯವನ್ನು ಈ ಮನೆಗೆ ಕೊಟ್ಟಿದ್ದಾರೆ, ಅವರು ಓದಿ ತಿಳಿದುಕೊಳ್ಳಬೇಕು ಅನ್ನುವುದು ನನ್ನ ಆಸೆ. ಕನ್ನಡದ ಪ್ರತಿ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ, "ಇಷ್ಟೊಂದು ಬಡ್ಡಿನೇ ಕಟ್ಟಬೇಕಾ?" ಅಂದರು. ಮೊದಲ ತಿಂಗಳ 40,280ರಲ್ಲಿ 31,250 ಬಡ್ಡಿ, ಅಸಲಿಗೆ 9,030 ಮಾತ್ರ. ಕಂತಿನ ಪಟ್ಟಿ ನೋಡಿದ ಮೇಲೆ ಮೊದಲ ವರ್ಷಗಳಲ್ಲೇ ಹೆಚ್ಚುವರಿ ಅಸಲು ಕಟ್ಟಬೇಕು ಅಂತ ಮನೆಯವರೆಲ್ಲರಿಗೂ ಒಂದೇ ಸಲ ಅರ್ಥವಾಯಿತು. ಕೆಎಫ್‌ಎಸ್ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದೇ ಷರತ್ತುಗಳು ನಮಗೆ ತೆರೆದಿರುತ್ತವೆ. ಅವತ್ತೇ ಸಹಿ ಹಾಕಿ ಅಂತ ಯಾರಾದರೂ ಅವಸರ ಮಾಡಿದರೆ ಮನೆಗೆ ತಂದು ಓದಿ.

ಖಾಸಗಿ ಬ್ಯಾಂಕಿನ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡು ಸರ್ಕಾರಿ ಬ್ಯಾಂಕನ್ನು ಆರಿಸಿದೆವು. 0.15ರ ಸ್ಪ್ರೆಡ್ ವ್ಯತ್ಯಾಸ ತಿಂಗಳಿಗೆ 460 ರೂಪಾಯಿ. ಅದಕ್ಕಿಂತ ಹೆಚ್ಚಾಗಿ, ಹಳೆ ಗ್ರಾಹಕರ ದರ ಇಲ್ಲಿ ಹೊಸಬರ ದರಕ್ಕೆ ಹತ್ತಿರ ಇತ್ತು.

ಕಾಗದಪತ್ರದ ಓಡಾಟ ಎಲ್ಲರಿಗೂ ಗೊತ್ತಿರುವಂಥದ್ದೇ. ಮೂಲ ಪತ್ರ, ಇಸಿ (ಋಣಭಾರ ಪತ್ರ), ಇ-ಖಾತಾ, ಕಂದಾಯದ ರಸೀದಿ, ನಕ್ಷೆ. ಬ್ಯಾಂಕಿನ ವಕೀಲರು ಹಿಂದಿನ ಮಾಲೀಕರ ವಿಭಾಗ ಪತ್ರದ ಪ್ರತಿ ಕೇಳಿದ್ದರಿಂದ ಸ್ವಲ್ಪ ತಡವಾಯಿತು. ಕೇಳಿದ್ದು ಒಳ್ಳೆಯದೇ, ಅದು ನಮಗೂ ರಕ್ಷಣೆ. ನೋಂದಣಿ ಆಗಸ್ಟ್ ಮಧ್ಯದಲ್ಲಿ ಮುಗಿಯಿತು. ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. 65 ಲಕ್ಷಕ್ಕೆ ಅದೇ 65,000 ರೂಪಾಯಿ. ನಮ್ಮ ನಂತರ ಬಂದವರಿಗೆ ಅದರ ಭಾರ ಬಿತ್ತು.

2025ರ ಡಿಸೆಂಬರ್ 5ರಂದು ರೆಪೊ ಮತ್ತೆ ಕಾಲು ಪರ್ಸೆಂಟ್ ಇಳಿದು 5.25 ಆಯಿತು. ಜನವರಿ ಒಂದಕ್ಕೆ ನಮ್ಮ ದರ 7.25 ಅಂತ ಮೊಬೈಲಿಗೆ ಸಂದೇಶ ಬಂತು. ಯಾರನ್ನೂ ಕೇಳಬೇಕಾಗಲಿಲ್ಲ, ಯಾವ ಶುಲ್ಕವೂ ಇಲ್ಲ. ಅಕ್ಕನಿಗೆ ಅದನ್ನು ಫಾರ್ವರ್ಡ್ ಮಾಡಿದೆ. ಕಂತು ಇಳಿಸಬೇಕಾ, ಅವಧಿ ಇಳಿಸಬೇಕಾ ಅಂತ ಬ್ಯಾಂಕ್ ಕೇಳಿದಾಗ ಕಂತು ಹಾಗೇ ಇರಲಿ ಅಂತ ಬರೆದು ಕೊಟ್ಟೆವು. ಒಂಬತ್ತು-ಹತ್ತು ತಿಂಗಳ ಕಂತು ಕಡಿಮೆಯಾಯಿತು.

ಈ ಮಧ್ಯೆ ಇನ್ನೊಂದು ಬದಲಾವಣೆ ಬಂದಿದೆ. 2025ರ ಅಕ್ಟೋಬರ್ 1ರಿಂದ ಗ್ರಾಹಕರಿಗೆ ಅನುಕೂಲ ಆಗುವುದಾದರೆ ಸ್ಪ್ರೆಡ್ಡಿನ ಖರ್ಚಿನ ಪಾಲನ್ನು ಮೂರು ವರ್ಷ ಕಾಯದೆಯೂ ಇಳಿಸಬಹುದು ಅಂತ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಇಳಿಸಲೇಬೇಕು ಅಂತಲ್ಲ, ಇಳಿಸಬಹುದು. ಅಂದರೆ ಹಳೆ ಗ್ರಾಹಕ ಹೋಗಿ ಕೇಳಿದರೆ "ನಿಯಮ ಬಿಡಲ್ಲ" ಅನ್ನುವ ಉತ್ತರ ಇನ್ನು ನಡೆಯಲ್ಲ. ಗಣಿತದ ಮೇಷ್ಟ್ರಿಗೆ ಹೇಳಿದ್ದೇನೆ, ಅವರು ಇನ್ನೊಂದು ಅರ್ಜಿ ಬರೆಯುತ್ತಿದ್ದಾರೆ. ಅರ್ಜಿಯಲ್ಲಿ ಸಾಲದ ಖಾತೆ ಸಂಖ್ಯೆ, ಈಗಿನ ಸ್ಪ್ರೆಡ್, ಅದೇ ಬ್ಯಾಂಕ್ ಇವತ್ತು ಹೊಸಬರಿಗೆ ಕೊಡುತ್ತಿರುವ ಸ್ಪ್ರೆಡ್ ಮೂರನ್ನೂ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.